ಮೊಣಕೈ ಉಳಿಯಬೇಕೆಂದರೆ ಪಾದ ನೋಡಿ

ಚಿಂಪಾಂಜಿಗೆ ನಮಗಿಂತ ಹೆಚ್ಚು ಕಸುವಿದೆ. ಆದರೂ ಅದು ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಷ್ಟೇ ಎಸೆಯಬಲ್ಲದು. ಅಮೆರಿಕದ ಮಕ್ಕಳ ಸಂಘಟನೆಯಾದ ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ಆಡುವ 12 ವರ್ಷದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಅದರ ಮೂರು ಪಟ್ಟು ವೇಗದಲ್ಲಿ ಚೆಂಡೆಸೆಯುತ್ತಾನೆ. ನೀಲ್ ರೋಚ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಕಾರಣವನ್ನು ವಿವರಿಸಿದರು. ತೋಳನ್ನು ಹಿಂದಕ್ಕೆ ಮಣಿಸಿದಾಗ ನಮ್ಮ ಭುಜದ ರಜ್ಜುಗಳು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ, ಮರುಗಳಿಗೆಯಲ್ಲಿ ಅದನ್ನು ಒಮ್ಮೆಲೇ ಬಿಟ್ಟುಕೊಡುತ್ತವೆ. ಸುಮಾರು 20 ಲಕ್ಷ ವರ್ಷಗಳ ಹಿಂದೆ, ನಮ್ಮ ಪೂರ್ವಜ ಹೋಮೋ ಎರೆಕ್ಟಸ್‌ನ ಕಾಲಕ್ಕೆ ಒದಗಿಬಂದ ಸಾಮರ್ಥ್ಯವಿದು. ಬೇಟೆಯಲ್ಲಿ ಆಗೊಮ್ಮೆ ಈಗೊಮ್ಮೆ ಎಸೆಯಲು ಈ ತೋಳು ಸಾಕು. ಒಂದೇ ಮಧ್ಯಾಹ್ನ ಎಂಬತ್ತು ಸಲ ಪೂರ್ಣ ಬಲದಿಂದ ಎಸೆಯುವುದು ಬೇರೆಯೇ ಮಾತು.

ವೃತ್ತಿಪರ ಪಿಚರ್‌ನ ಮೇಲ್ದೋಳು ಎಸೆತದ ತುತ್ತತುದಿಯಲ್ಲಿ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ಒಳಕ್ಕೆ ತಿರುಗುತ್ತದೆ. ಮನುಷ್ಯದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಅದಕ್ಕೆ ತುಸು ಮುಂಚೆ, ತೋಳು ಪೂರ್ತಿ ಹಿಂದಕ್ಕೆ ಬಾಗಿರುವಾಗ, ಮೊಣಕೈಯ ಮೇಲೆ 60 ನ್ಯೂಟನ್ ಮೀಟರಿಗೂ ಹೆಚ್ಚಿನ ತಿರುಚುಬಲ ಬೀಳುತ್ತದೆ. ಮೊಣಕೈಯ ಒಳಮಗ್ಗುಲಿನ ಅಸ್ಥಿರಜ್ಜು ಒಂಟಿಯಾಗಿ ತಡೆಯಬಲ್ಲದ್ದು ಇದರ ಅರ್ಧದಷ್ಟನ್ನು ಮಾತ್ರ ಎಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಉಳಿದದ್ದನ್ನು ಸುತ್ತಲಿನ ಸ್ನಾಯುಗಳು, ಮೂಳೆಗಳು ಹೊರಬೇಕು. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್‌ಗೆ 1974ರಲ್ಲಿ ಹರಿದದ್ದು ಇದೇ ರಜ್ಜು. ವೈದ್ಯ ಫ್ರಾಂಕ್ ಜೋಬ್ ಅವನ ಬಲ ಮುಂಗೈಯಿಂದ ಸ್ನಾಯುರಜ್ಜೊಂದನ್ನು ತೆಗೆದು ಎಡ ಮೊಣಕೈಗೆ ಜೋಡಿಸಿದರು. ಜಾನ್ 1976ರಲ್ಲಿ ಮರಳಿ ಬಂದು 1989ರ ತನಕ ಆಡಿದ. ಅವನ ಹೆಸರನ್ನೇ ಹೊತ್ತ ಆ ಶಸ್ತ್ರಚಿಕಿತ್ಸೆ ಈಗ ಹದಿಹರೆಯದ ಹುಡುಗರಿಗೂ ನಡೆಯುತ್ತಿದೆ ಎನ್ನುವುದು ನನ್ನನ್ನು ಕಾಡುತ್ತದೆ.

ಇನ್ನೂ ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ರಜ್ಜುವಲ್ಲ. ಅದು ಅಂಟಿಕೊಂಡಿರುವ ಮೂಳೆಯ ಗುಬುಟು ಮತ್ತು ತೋಳಿನ ಮೂಳೆಯ ನಡುವೆ ಬೆಳವಣಿಗೆಯ ಮೃದ್ವಸ್ಥಿ ಇರುತ್ತದೆ. ಹದಿಹರೆಯದಲ್ಲಿ ಅದು ಗಟ್ಟಿಯಾಗುವ ತನಕ ಪ್ರತಿ ಎಸೆತವೂ ಆ ಗುಬುಟನ್ನು ಜಗ್ಗುತ್ತಿರುತ್ತದೆ. ಜಗ್ಗಾಟ ಅತಿಯಾದರೆ ಸಂದು ಅಗಲವಾಗುತ್ತದೆ, ಕೆಲವೊಮ್ಮೆ ಗುಬುಟೇ ಕಿತ್ತುಬರುತ್ತದೆ.

ಹಾಗಾದರೆ ಎಸೆಯುವ ವಿಧಾನ ತಿದ್ದುವವರು ಏನನ್ನು ನೋಡಬೇಕು? ಎಲ್ಲರ ಕಣ್ಣೂ ಕೈಯ ಮೇಲೆಯೇ ಹೋಗುತ್ತದೆ. ನಾನು ಹೇಳುವುದು ಮುಂದಿನ ಪಾದವನ್ನು ನೋಡಿ ಎಂದು. ಬಲಗೈ ಪಿಚರ್ ಎಡಗಾಲೆತ್ತಿ ಹೆಜ್ಜೆ ಚಾಚಿ ನೆಲ ಮುಟ್ಟುವ ಆ ಕ್ಷಣವನ್ನು ಮೊಬೈಲಿನಲ್ಲಿ ಹಿಡಿದು ನಿಲ್ಲಿಸಿ. ಪಾದ ಬ್ಯಾಟರ್ ನಿಲ್ಲುವ ಜಾಗದ ಹೋಮ್ ಪ್ಲೇಟಿನತ್ತ ಮುಖ ಮಾಡಿರಬೇಕು. ಸೊಂಟ ತಿರುಗಲು ತೊಡಗಿರಬೇಕು, ಆದರೆ ಎಡ ಭುಜ ಇನ್ನೂ ಬ್ಯಾಟರ್ ಕಡೆಗೇ ಇರಬೇಕು. ಚೆಂಡು ಹಿಡಿದ ಕೈ ಆಗಲೇ ಮೇಲೆ ಬಂದು, ಮೊಣಕೈ ಭುಜದ ಮಟ್ಟಕ್ಕೆ ಏರಿರಬೇಕು. ಕಾಲಿನಿಂದ ಹೊರಟ ಶಕ್ತಿ ಸೊಂಟ, ಮುಂಡ, ಭುಜಗಳನ್ನು ಸರದಿಯಂತೆ ಹಾದು ತೋಳಿಗೆ ತಲುಪುವುದು ಹೀಗೆ. ಪಾದ ಪಕ್ಕಕ್ಕೆ ತೆರೆದು ಬಿದ್ದರೆ ಸೊಂಟ, ಎದೆ ಎರಡೂ ಬೇಗನೆ ತಿರುಗಿಬಿಡುತ್ತವೆ. ಹಿಂದೆ ಉಳಿದ ತೋಳು ತಾನೇ ದುಡಿದು ವೇಗ ತರಬೇಕಾಗುತ್ತದೆ, ಆ ದುಡಿಮೆಯ ಬೆಲೆ ಬೀಳುವುದು ಮೊಣಕೈಗೆ. 2009ರಲ್ಲಿ ಜೋಬ್ ಅವರೂ ಇದ್ದ ಸಂಶೋಧನಾ ತಂಡ ಇಂಥದ್ದೇ ಐದು ಲಕ್ಷಣಗಳನ್ನು ಬಾಲ ಪಿಚರ್‌ಗಳಲ್ಲಿ ಪರೀಕ್ಷಿಸಿತು. ಹೆಚ್ಚು ಲಕ್ಷಣಗಳು ಸರಿಯಿದ್ದವರ ಮೊಣಕೈ ಮೇಲೆ ಹೊರೆ ಕಡಿಮೆಯಿತ್ತು.

ಕ್ರಿಕೆಟ್ ಬಲ್ಲ ನಮಗೆ ಇಲ್ಲೊಂದು ವ್ಯತ್ಯಾಸ ಎದ್ದು ಕಾಣುತ್ತದೆ. ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರವಾಗಿಸುವಂತಿಲ್ಲ. ಹಾಗಾಗಿ ಎಳೆಯ ವೇಗಿಗಳಿಗೆ ಪೆಟ್ಟು ಬೀಳುವುದು ಬಹುಪಾಲು ಬೆನ್ನಿನ ಕೆಳಭಾಗಕ್ಕೆ.

ಪಾದ ನೆಲ ಮುಟ್ಟಿ ಚೆಂಡು ಬೆರಳು ಬಿಡುವುದಕ್ಕೆ ಹಿಡಿಯುವುದು ಸೆಕೆಂಡಿನ ಏಳನೇ ಒಂದು ಭಾಗ. ಅಷ್ಟರಲ್ಲಿ ಯಾವ ಮಗುವೂ ಯೋಚಿಸಿ ಮೊಣಕೈ ಎತ್ತಲಾರದು, ‘ಕೈ ಮೇಲೆ!’ ಎಂದು ಬದಿಯಲ್ಲಿ ನಿಂತು ಕೂಗುವುದು ವ್ಯರ್ಥ. ತನ್ನ ಅಂಗಾಂಗಗಳ ಮೇಲಿಗಿಂತ ಹೊರಗಿನ ಗುರಿಯೊಂದರ ಮೇಲೆ ಗಮನವಿಟ್ಟಾಗ ಕಲಿಕೆ ಚೆನ್ನಾಗಿ ಕೂಡುತ್ತದೆ ಎಂದು ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಮತ್ತಿತರರ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ ಹಿಂಗಾಲಿನ ಹಿಮ್ಮಡಿಯಿಂದ ಗುರಿಯತ್ತ ಸುಣ್ಣದ ಗೆರೆಯೊಂದನ್ನು ಎಳೆಯಿರಿ. ಅದರ ಮೇಲೆ ಪಾದ ಊರಿ ಮೆಲ್ಲಗೆ, ಹತ್ತಿರದಿಂದ ಎಸೆಯಲು ಹೇಳಿ. ವೇಗ ಆಮೇಲೆ ಬರಲಿ.

ಆದರೆ ಎಷ್ಟೇ ಚೆಂದದ ಎಸೆತವಾದರೂ ಲೆಕ್ಕವಿಲ್ಲದೆ ಎಸೆಯಲು ಅದು ಪರವಾನಗಿಯಲ್ಲ. ಮಕ್ಕಳಿಗೆ ಕರ್ವ್‌ಬಾಲ್ (ಸುತ್ತಿ ಬಾಗುವ ಎಸೆತ) ಕಲಿಸುವುದೇ ಅಪಾಯ ಎಂಬ ನಂಬಿಕೆ ಅಮೆರಿಕದಲ್ಲಿ ಗಟ್ಟಿಯಾಗಿದೆ. ಅಳೆದು ನೋಡಿದಾಗ ಮೊಣಕೈ ಮೇಲೆ ಹೆಚ್ಚು ಬಲ ಬಿದ್ದದ್ದು ವೇಗದ ನೇರ ಎಸೆತದಲ್ಲೇ. ನಿಜವಾದ ಶತ್ರು ಎಸೆತಗಳ ಸಂಖ್ಯೆ ಮತ್ತು ದಣಿವು. ವರ್ಷಕ್ಕೆ 100 ಇನಿಂಗ್ಸ್ (ಒಂದು ಪಂದ್ಯದಲ್ಲೇ ಹಲವು ಬಾರಿ ಬರುವ ಬೇಸ್‌ಬಾಲ್ ಸರದಿ) ಮೀರಿ ಪಿಚ್ ಮಾಡಿದ ಮಕ್ಕಳಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು ಹೆಚ್ಚಿತ್ತೆಂದು 2011ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಅಧ್ಯಯನ ಕಂಡಿತು. ಲಿಟಲ್ ಲೀಗ್ 2007ರಿಂದ ಎಸೆತಗಳನ್ನೇ ಎಣಿಸುತ್ತಿದೆ: 9–10 ವರ್ಷದವರಿಗೆ ದಿನಕ್ಕೆ 75, 11–12 ವರ್ಷದವರಿಗೆ 85. ಈ ವಯಸ್ಸಿನವರು 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ಮೊಣಕೈ ಇಳಿಯತೊಡಗಿದರೆ, ಪಾದ ಗೆರೆ ತಪ್ಪತೊಡಗಿದರೆ ಆ ಸಂಖ್ಯೆಗಾಗಿಯೂ ಕಾಯದೆ ಮಗುವಿನ ಕೈಯಿಂದ ಚೆಂಡು ತೆಗೆದುಕೊಳ್ಳಿ. ಮೊಣಕೈಯ ಒಳಮಗ್ಗುಲಿನಲ್ಲಿ ನೋವು ಎಂದರೆ, ಪಂದ್ಯ ಯಾವುದೇ ಇರಲಿ, ಮೊದಲು ವೈದ್ಯರ ಬಳಿ ಕರೆದೊಯ್ಯಿರಿ.