ಬುಗ್ಗೆಗೆ ಕಾಸು ಹಾಕಬೇಡಿ

ಬೇಸಿಗೆ ಬಂತೆಂದರೆ ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಕರೆತರುತ್ತಾರೆ. ಅಂಥ ಕುಟುಂಬಗಳನ್ನು ಸುತ್ತಾಡಿಸುವುದು ನನ್ನ ಕೆಲಸ. ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರ ಚಿಲುಮೆ ಎಷ್ಟು ಹೊತ್ತಿಗೆ ಚಿಮ್ಮುತ್ತದೆ, ಬೈಸನ್ ಎಲ್ಲಿ ಕಾಣುತ್ತದೆ, ಇವೆಲ್ಲ ನಿಮ್ಮ ಫೋನಿನಲ್ಲೇ ಸಿಗುತ್ತದೆ. ಅದನ್ನು ಬಿಡುತ್ತೇನೆ. ನಾನು ಹೇಳಬೇಕಾಗಿರುವುದು ಒಂದೇ: ದಯವಿಟ್ಟು ಬಿಸಿನೀರ ಬುಗ್ಗೆಗೆ ಕಾಸು ಹಾಕಬೇಡಿ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೂ ಗೊತ್ತು. ರೈಲು ಶ್ರೀರಂಗಪಟ್ಟಣದ ಸೇತುವೆ ಹತ್ತಿದ ಕೂಡಲೇ ಕಿಟಕಿಯಿಂದ ಕಾವೇರಿಗೆ ಕಾಸು ಎಸೆದು ಕೈಮುಗಿದವರೇ ನಾವೆಲ್ಲ. ಮಂಡ್ಯ ಕಡೆಯ ಒಬ್ಬ ಅಜ್ಜಿ ಇಲ್ಲಿನ ಮಾರ್ನಿಂಗ್ ಗ್ಲೋರಿ ಎಂಬ ಬಿಸಿನೀರ ಕೊಳದ ಮುಂದೆ ಎಲೆಅಡಿಕೆ ಚೀಲ ಬಿಚ್ಚಿದರು. "ಬೇಡಮ್ಮಾ" ಎಂದೆ. "ಒಂದೇ ಒಂದು ರೂಪಾಯಿ ಕಣಪ್ಪ, ಗಂಗಮ್ಮಂಗೆ. ಏನಾಯ್ತದೆ?" ಎಂದರು. ಮಗ ಮುಜುಗರದಿಂದ ಆ ಕಡೆ ತಿರುಗಿಕೊಂಡ. ಅಜ್ಜಿಯ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇಂಜಿನಿಯರ್ ಮಕ್ಕಳೂ ಇದನ್ನೇ ಕೇಳುತ್ತಾರೆ, ಇಂಗ್ಲಿಷಿನಲ್ಲಿ.

ಏನಾಗುತ್ತದೆ ಅಂದರೆ, ನದಿಗೆ ಬಿದ್ದ ಕಾಸು ಮರಳಲ್ಲಿ ಕೂರುತ್ತದೆ, ನೀರು ಅದರ ಮೇಲೆ ಹರಿದು ಹೋಗುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಕೊಳ ಎಣ್ಣೆ ಸುರಿಯುವ ಆಲಿಕೆಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ನೀವು ಹಾಕಿದ್ದೆಲ್ಲ ಜಾರಿ ಜಾರಿ ಆ ಕಿರಿದಾದ ಬಾಯಿಯ ಕಡೆಗೇ ಹೋಗುತ್ತದೆ. ನೀರಿನಲ್ಲಿ ಕರಗಿರುವ ಸಿಲಿಕಾ ಎಂಬ ಖನಿಜ ಮೇಲೆ ಕಟ್ಟಿಕೊಂಡು ಅದನ್ನು ಅಲ್ಲೇ ಕಚ್ಚಿಸಿಬಿಡಬಹುದು. ಒಂದು ಕಾಸಿನಿಂದ ಬಾಯಿ ಮುಚ್ಚುವುದಿಲ್ಲ, ನಿಜ. ಆದರೆ ಒಂದೇ ಒಂದು ಅಂದವರು ಅಜ್ಜಿಯೊಬ್ಬರೇ ಅಲ್ಲವಲ್ಲ. ಬಾಯಿ ಕಟ್ಟಿದಷ್ಟೂ ಬಿಸಿನೀರು ಬರುವುದು ಕಡಿಮೆಯಾಗುತ್ತದೆ. ಮೇಲೆ ಗಾಳಿಗೆ ಶಾಖ ಹೋಗುವುದು ಮಾತ್ರ ನಿಲ್ಲುವುದಿಲ್ಲ. ಹೀಗೆ ಕೊಳ ತಣ್ಣಗಾಗುತ್ತಾ ಬರುತ್ತದೆ. ತಣ್ಣಗೆ ಅಂದರೂ ಕೈ ಸುಡುವಷ್ಟು ಬಿಸಿ ಇದ್ದೇ ಇರುತ್ತದೆ, ಮುಟ್ಟಲು ಹೋಗಬೇಡಿ.

ಬಣ್ಣ ಕೆಡುವುದು ಆಗಲೇ. ನಡುವಿನ ನೀಲಿ, ತುಂಬಾ ಬಿಸಿಯಾದ ತಿಳಿನೀರಿನದು. ಅಂಚಿನ ಹಳದಿ, ಕಿತ್ತಳೆ ಬಣ್ಣ ಬ್ಯಾಕ್ಟೀರಿಯಾಗಳದು. ಇವುಗಳಿಗೆ 70 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ದಾಟಿದರೆ ಕಷ್ಟ, ಅದಕ್ಕೇ ಅಂಚಿನಲ್ಲಿರುತ್ತವೆ. ನಡುವೆ ನೀರು ತಣ್ಣಗಾದರೆ ಒಳಗೆ ಸರಿದು ಬರುತ್ತವೆ. ಹಿಂದಿನವರು ಕಂಡ ಮಾರ್ನಿಂಗ್ ಗ್ಲೋರಿ ನೀಲಿಯಾಗಿತ್ತು. 1950ರಲ್ಲಿ ಅದನ್ನು ಬೇಕೆಂದೇ ಚಿಮ್ಮಿಸಿ ತೊಳೆದಾಗ ರಾಶಿ ನಾಣ್ಯಗಳ ಜೊತೆ ಕರವಸ್ತ್ರ, ಟವೆಲ್, ಕಾಲುಚೀಲ ಎಲ್ಲ ಹೊರಬಂದವು. ಈಗಿನ ಹಸಿರು, ಹಳದಿ ನೋಡಿ ನಾವು "ಎಷ್ಟು ಚೆಂದ!" ಅಂತ ಫೋಟೋ ತೆಗೆಯುತ್ತೇವೆ.

ಬಣ್ಣ ಬದಲಾದಾಗಲೆಲ್ಲ ಕಾಸೇ ಕಾರಣ ಅಂತ ನಾನು ಹೇಳುವುದಿಲ್ಲ. 1959ರಲ್ಲಿ ಹತ್ತಿರದ ಹೆಬ್ಗೆನ್ ಲೇಕ್‌ನಲ್ಲಾದ ಭೂಕಂಪದಿಂದ ಎಷ್ಟೋ ಬುಗ್ಗೆಗಳ ನಡವಳಿಕೆಯೇ ಬದಲಾಯಿತು. ಭೂಕಂಪ ನಮ್ಮ ಕೈಯಲ್ಲಿಲ್ಲ, ಅಷ್ಟೇ.

"ಹಂಗಾರೆ ಬ್ಯಾರೆ ಯಾರೂ ಹಾಕೇ ಇಲ್ವಾ?" ಅಂತ ಅಜ್ಜಿ ಬಿಡಲಿಲ್ಲ. ಹಾಕಿದ್ದಾರೆ ತಾಯಿ, ಚೆನ್ನಾಗಿ ಹಾಕಿದ್ದಾರೆ. 2018ರ ಸೆಪ್ಟೆಂಬರಿನಲ್ಲಿ ಸುಮ್ಮನಿದ್ದ ಇಯರ್ ಸ್ಪ್ರಿಂಗ್ ಎಂಬ ಬುಗ್ಗೆ ಇದ್ದಕ್ಕಿದ್ದಂತೆ ಚಿಮ್ಮಿತು. ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿತು: ನಾಣ್ಯಗಳು, ಪ್ಲಾಸ್ಟಿಕ್ ಚಮಚ, 1930ರ ದಶಕದ ಮಗು ಚೀಪುವ ನಿಪ್ಪಲ್ ಕೂಡ! ಇದೇ ಉದ್ಯಾನದ ನಾರಿಸ್ ಎಂಬಲ್ಲಿರುವ ಚಿಮ್ಮುವ ಬುಗ್ಗೆ ಮಿನಿಟ್ ಗೀಸರ್ ಒಂದು ಕಾಲಕ್ಕೆ ನಿಮಿಷಕ್ಕೊಮ್ಮೆ ಚಿಮ್ಮುತ್ತಿತ್ತು. ಪಕ್ಕದಲ್ಲೇ ಕುದುರೆ ಗಾಡಿಗಳು ನಿಲ್ಲುತ್ತಿದ್ದವು. ಇಳಿದವರು ಕಲ್ಲು ಹಾಕಿ ಹಾಕಿ ಅದರ ದೊಡ್ಡ ಬಾಯಿಯನ್ನೇ ಮುಚ್ಚಿದರು. ಹಾಗಾಗಿ ಇದು ನಮ್ಮವರ ಮೇಲಿನ ದೂರಲ್ಲ. 1872ರಲ್ಲೇ ಕಾನೂನು ಮಾಡಿ ಕಾಪಾಡಿದ ಜಾಗದ ಕಥೆ ಇದು.

ದಕ್ಷಿಣಕ್ಕಿರುವ ಟೀಟನ್ ಬೆಟ್ಟಗಳ ಬಳಿ ನನಗೆ ಈ ಕಾಟವಿಲ್ಲ. 4,199 ಮೀಟರಿನ ಗ್ರ್ಯಾಂಡ್ ಟೀಟನ್ ನಮ್ಮ ಕಾಸಿಗೆ ಜಗ್ಗುವುದಿಲ್ಲ. ಅಲ್ಲಿ ಕಾಪಾಡಬೇಕಾಗಿದ್ದು ಬೆಟ್ಟದ ಕೆಳಗಿನ ಬಯಲನ್ನು. ಕೋಟ್ಯಧಿಪತಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಒಂದು ಕಂಪನಿಯ ಹೆಸರಿನಲ್ಲಿ, ತನ್ನ ಸುಳಿವು ಬಿಟ್ಟುಕೊಡದೆ ಆ ಜಮೀನು ಕೊಂಡು ಆಮೇಲೆ ಸರ್ಕಾರಕ್ಕೆ ಕೊಟ್ಟ. 1950ರಲ್ಲಿ ಅದು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಊರವರಿಗೆ ಅವನ ಮೇಲೆ ಬಹಳ ಕಾಲ ಸಿಟ್ಟಿತ್ತು.

ಯೆಲ್ಲೋಸ್ಟೋನ್ ಬುಗ್ಗೆಗಳ ಬ್ಯಾಕ್ಟೀರಿಯಾ ಬಗ್ಗೆ ಇನ್ನೊಂದು ಮಾತು. 1960ರ ದಶಕದಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ಇಲ್ಲಿನ ಬುಗ್ಗೆಯೊಂದರಲ್ಲಿ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಅದರಿಂದ ಸಿಕ್ಕ ಕಿಣ್ವವೇ ಪಿಸಿಆರ್ ಪರೀಕ್ಷೆಗೆ ದಾರಿ ಮಾಡಿತು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದೀರಲ್ಲ, ಅದೇ. ಇದನ್ನು ಹೇಳಿದ ಮೇಲೆ ಅಜ್ಜಿ ಕಾಸನ್ನು ಚೀಲಕ್ಕೆ ಹಾಕಿಕೊಂಡರು. "ಹೋಗ್ಲಿ ಬುಡು, ಮಾದಪ್ಪನ ಹುಂಡಿಗೆ ಹಾಕ್ತೀನಿ."

ಇನ್ನು ಟೋಪಿ. ಗಾಳಿ ಜಾಸ್ತಿ, ಹಾರಿ ಕೊಳಕ್ಕೆ ಬೀಳುತ್ತದೆ. ಹಲಗೆ ದಾರಿಯಿಂದ ಇಳಿದು ತರಲು ಹೋಗಬೇಡಿ. ಪಕ್ಕದ ನೆಲ ಗಟ್ಟಿ ಕಂಡರೂ ತೆಳು ಪದರವಿರಬಹುದು, ಕೆಳಗೆ ಕುದಿಯುವ ನೀರು. ರೇಂಜರಿಗೆ ಹೇಳಿ, ಸಾಧ್ಯವಾದರೆ ಅವರು ಉದ್ದ ಕೋಲಿನಿಂದ ತೆಗೆಸುತ್ತಾರೆ. ಇಲ್ಲದಿದ್ದರೆ ಅಂಗಡಿಯಲ್ಲಿ ಹೊಸ ಟೋಪಿ ಸಿಗುತ್ತದೆ, ಸ್ವಲ್ಪ ದುಬಾರಿ.