ಕಮಾನಿಗೆ ದುಡ್ಡಿದೆ, ಹುಲ್ಲಿಗೆ ನೀರಿಲ್ಲ: ಪಾರ್ಕಿನ ಲೆಕ್ಕ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ಹೋದ ವರ್ಷ ಹೊಸ ಕಮಾನು ಕಟ್ಟಿದರು, ವಾಕಿಂಗ್ ದಾರಿಗೆ ಟೈಲ್ಸ್ ಹಾಕಿದರು. ಈಗ ಹುಲ್ಲು ಒಣಗಿದೆ, ದೀಪ ಉರಿಯುವುದಿಲ್ಲ. ಕೇಳಿದರೆ ಫಂಡ್ ಇಲ್ಲ ಅನ್ನುತ್ತಾರೆ. ಹಾಗಾದರೆ ಕಮಾನಿಗೆ ಎಲ್ಲಿಂದ ಬಂತು? ಇದನ್ನೆಲ್ಲ ನೋಡುವವರು ಯಾರು?

ಕಮಾನಿಗೆ ದುಡ್ಡಿತ್ತು, ನೀರಿಗೆ ಇಲ್ಲ. ಈ ಎರಡೂ ಮಾತು ಒಟ್ಟಿಗೆ ನಿಜ ಇರಬಹುದು. ಪಾರ್ಕಿಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಒಂದು ಅಭಿವೃದ್ಧಿ ಕಾಮಗಾರಿಯದ್ದು: ಕಮಾನು, ಗ್ರಾನೈಟ್ ಬೆಂಚು, ಟೈಲ್ಸ್, ಓಪನ್ ಜಿಮ್. ಇದು ಒಂದು ಸಲ ಮಂಜೂರಾಗಿ ಒಂದೇ ಸಲ ಖರ್ಚಾಗುತ್ತದೆ. ಪಾಲಿಕೆ ಬಜೆಟ್ಟಿನಿಂದ ಬರಬಹುದು, ರಾಜ್ಯ ಸರ್ಕಾರ ಕೊಡುವ ಅನುದಾನದಿಂದಲೂ ಬರಬಹುದು. ಇನ್ನೊಂದು ನಿರ್ವಹಣೆಯದ್ದು: ನೀರು ಹಾಯಿಸುವುದು, ಕಳೆ ಕೀಳುವುದು, ಹುಲ್ಲು ಕತ್ತರಿಸುವುದು, ಕಸ ಗುಡಿಸುವುದು, ಗೇಟು ತೆಗೆದು ಹಾಕುವುದು. ಇದಕ್ಕೆ ಸಾಮಾನ್ಯವಾಗಿ ಟೆಂಡರ್ ಕರೆದು ಗುತ್ತಿಗೆ ಕೊಡುತ್ತಾರೆ, ಅವಧಿ ಮುಗಿದರೆ ಮತ್ತೆ ಟೆಂಡರ್. ಒಂದು ಲೆಕ್ಕದ ದುಡ್ಡನ್ನು ಇನ್ನೊಂದಕ್ಕೆ ಸುಮ್ನೆ ತಿರುಗಿಸಲು ಆಗುವುದಿಲ್ಲ. ಹಾಗಾಗಿ ಹೊಸ ಕಮಾನಿನ ಕೆಳಗೇ ಒಣಗಿದ ಹುಲ್ಲು ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಪಾರ್ಕುಗಳು ಹಾಳಾಗುವುದು ದುಡ್ಡಿಲ್ಲದೆ ಅಲ್ಲ; ದಿನಾ ಬೇಕಾದ ಸಣ್ಣ ದುಡ್ಡನ್ನು ಯಾರೂ ಬೆನ್ನು ಹತ್ತಿ ನೋಡದೆ.

ಬೆಂಗಳೂರಿನಲ್ಲಿ ಮೊದಲು ಪಾರ್ಕು ಯಾರದ್ದು ಅಂತ ಗೊತ್ತು ಮಾಡಿಕೊಳ್ಳಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ರಾಜ್ಯದ ತೋಟಗಾರಿಕೆ ಇಲಾಖೆಗೆ ಸೇರಿವೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ತಾನು ಮಾಡಿದ ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರ ಮಾಡುವವರೆಗೆ ಅಲ್ಲಿನ ಪಾರ್ಕು ಬಿಡಿಎ ಜವಾಬ್ದಾರಿ. ಉಳಿದ ಬೀದಿ ಪಾರ್ಕುಗಳು ಮೊದಲು ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕೈಯಲ್ಲಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆ ಬಂದಿವೆ. ನಿಮ್ಮ ಪಾರ್ಕು ಯಾವ ಪಾಲಿಕೆಗೆ ಬರುತ್ತದೋ ಅದರ ತೋಟಗಾರಿಕೆ ವಿಭಾಗವನ್ನು ಕೇಳಬೇಕು. ಮರದ ಕೊಂಬೆ ಮುರಿದು ನೇತಾಡುತ್ತಿದ್ದರೆ ಮಾತ್ರ ಅರಣ್ಯ ವಿಭಾಗ. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ತಿಂಗಳುಗಟ್ಟಲೆ ತಪ್ಪು ಕಚೇರಿಗೆ ಅಲೆಯುತ್ತಾರೆ.

ಈಗ ನೋಡುವವರು ಯಾರು ಅನ್ನುವ ಮಾತು. ಇಲ್ಲೇ ಇರುವುದು ನಿಜವಾದ ಕಷ್ಟ. ಕಾರ್ಪೊರೇಟರ್ ಇದ್ದಾಗ ಬೆಳಿಗ್ಗೆ ವಾಕಿಂಗ್‌ನಲ್ಲೇ ನಿಲ್ಲಿಸಿ ಕೇಳಬಹುದಿತ್ತು, ಕೌನ್ಸಿಲ್‌ನಲ್ಲಿ ಬಜೆಟ್ ಮೇಲೆ ಚರ್ಚೆ ಆಗುತ್ತಿತ್ತು, ವಾರ್ಡ್ ಸಮಿತಿ ತಿಂಗಳ ಮೊದಲ ಶನಿವಾರ ಸೇರಬೇಕಿತ್ತು. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ಆಡಿಟ್ ಇಲ್ಲವೇ ಅಂದರೆ ಇದೆ. ಆದರೆ ಅದು ಖರ್ಚಾದ ಎಷ್ಟೋ ಕಾಲದ ಮೇಲೆ ಬರುತ್ತದೆ, ಅಷ್ಟೊತ್ತಿಗೆ ನಿಮ್ಮ ಹುಲ್ಲು ಎರಡು ಬೇಸಿಗೆ ಕಂಡಿರುತ್ತದೆ. ಆದ್ದರಿಂದ ದಿನದಿನದ ಕಣ್ಣು ಅಂದರೆ ಅಲ್ಲಿ ಓಡಾಡುವ ನೀವೇ.

ಆ ಕಣ್ಣಿಗೆ ಬೇಕಾದ್ದು ಒಂದೇ ಕಾಗದ: ನಿರ್ವಹಣೆ ಗುತ್ತಿಗೆಯ ಕೆಲಸದ ಪಟ್ಟಿ. ಎಷ್ಟು ಜನ ಕೆಲಸಕ್ಕೆ ಇರಬೇಕು, ಏನೇನು ಎಷ್ಟು ದಿನಕ್ಕೊಮ್ಮೆ ಮಾಡಬೇಕು ಅಂತ ಅದರಲ್ಲಿ ಇರುತ್ತದೆ. ನಮ್ಮ ಪಾರ್ಕಿನ ಪಟ್ಟಿ ಸಿಕ್ಕಾಗ ಅದರಲ್ಲಿ ಮೂರು ಜನ ಅಂತ ಬರೆದಿತ್ತು. ಅಲ್ಲಿ ದಿನಾ ಪೈಪು ಹಿಡಿದು ನಿಲ್ಲುವ ಅಕ್ಕನನ್ನು ಕೇಳಿದೆ. "ಎಲ್ಲಿ ಮೂರು ಜನಮ್ಮಾ, ನಾನೊಬ್ಬಳೇ ಎರಡು ಪಾರ್ಕು ನೋಡ್ಕೋತೀನಿ" ಅಂದರು. ಅಲ್ಲಿಯವರೆಗೆ ನಾವೆಲ್ಲ ಅವರನ್ನೇ ಸೋಮಾರಿ ಅಂದುಕೊಂಡಿದ್ದೆವು. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಈ ಕಾಗದ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಸಾಕು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. "ಪಾರ್ಕು ಯಾಕೆ ಹೀಗಿದೆ" ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರ ಹತ್ತಿರ ಕಾಗದ ಇರುವುದಿಲ್ಲ. ಈ ವರ್ಷದ ನಿರ್ವಹಣೆ ಗುತ್ತಿಗೆಯ ವರ್ಕ್ ಆರ್ಡರ್, ಕೆಲಸದ ಪಟ್ಟಿ, ಪಾಸಾದ ಬಿಲ್, ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪುಟ, ಇಷ್ಟರ ಪ್ರತಿ ಕೊಡಿ ಅಂತ ಕೇಳಿ. ಕಾಮಗಾರಿಯನ್ನೇ ಕಣ್ಣಾರೆ ಪರಿಶೀಲಿಸುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ನೀರಿಲ್ಲ ಅಂದರೆ ಅದು ನೆಪ ಅಂತಲೇ ತಿಳಿಯಬೇಡಿ. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು. ಪಾರ್ಕಿನ ಬೋರ್‌ವೆಲ್ ಬತ್ತಿದ್ದರೆ ಸಂಸ್ಕರಿಸಿದ ನೀರಿನ ಟ್ಯಾಂಕರ್ ಬರುತ್ತದಾ, ಅದು ಗುತ್ತಿಗೆಯಲ್ಲಿ ಸೇರಿದೆಯಾ ಅಂತ ಕೇಳಿ.

ಪಾರ್ಕಿನ ಜಾಗದಲ್ಲಿ ಬೇರೆ ಏನಾದರೂ ಕಟ್ಟುತ್ತಿದ್ದರೆ ಮಾತ್ರ ಕಾಯಬೇಡಿ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆ ಇರುವುದೇ ಇಂಥ ಜಾಗ ಉಳಿಸಲು. ಹಿಂದೆ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಕೇಸ್ ಹಾಕಿದವರು ನಮ್ಮಂಥ ಅಕ್ಕಪಕ್ಕದ ಮನೆಯವರೇ.

ಕೊನೆಗೆ ಒಂದು ಕೇಳಿಕೊಳ್ಳುತ್ತೇನೆ. ದೂರು ಬರೆಯುವಾಗ "ಕೆಲಸದವರು ಸರಿಯಿಲ್ಲ" ಅಂತ ಬರೆಯಬೇಡಿ, ಮೊದಲು ಕೆಲಸ ಹೋಗುವುದು ಆ ಅಕ್ಕನದ್ದೇ. "ಪಟ್ಟಿಯಲ್ಲಿ ಮೂರು ಜನ ಇದ್ದಾರೆ, ಸ್ಥಳದಲ್ಲಿ ಒಬ್ಬರೇ ಇದ್ದಾರೆ" ಅಂತ ತಾರೀಕು ಹಾಕಿ ಬರೆಯಿರಿ. ಗುತ್ತಿಗೆದಾರರು ಬಿಲ್ ಜೊತೆ ಕೆಲಸಗಾರರ ಪಿಎಫ್, ಇಎಸ್‌ಐ ರಸೀದಿ ಕೊಟ್ಟಿದ್ದಾರಾ ಅಂತಲೂ ಅದೇ ದೂರಿನಲ್ಲಿ ಕೇಳಿ.