ಚಳಿ ಜಾಸ್ತಿ ಇದ್ದಲ್ಲಿ ಲಿಂಕ್ಸ್ ದೊಡ್ಡದಾಗುತ್ತದಾ?

ಪ್ರಶ್ನೆ: ಲಿಂಕ್ಸ್ ಅಂದರೆ ಬೆಕ್ಕಿನ ಕುಟುಂಬದ ಕಾಡುಪ್ರಾಣಿ. ನಾರ್ವೆ, ಸ್ವೀಡನ್ ಕಡೆಯದು ಫೋಟೋದಲ್ಲಿ ದೊಡ್ಡ ನಾಯಿಯಷ್ಟು ಕಾಣುತ್ತದೆ. ಸ್ಪೇನಿನದು ನೋಡಿದರೆ ಅದರ ಅರ್ಧದಷ್ಟೂ ಇಲ್ಲ. ಉತ್ತರದಲ್ಲಿ ಚಳಿ ಜಾಸ್ತಿ, ಅದಕ್ಕೇ ಅಲ್ಲಿಯವು ದೊಡ್ಡದಾಗಿ ಬೆಳೆಯುತ್ತವೆ, ಅಲ್ವಾ?

ಉತ್ತರ: ಅಲ್ಲ.

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ಅಷ್ಟೂ ಸಲ ಕೊನೆಗೆ ಆ ‘ಅಲ್ವಾ’ ಇದ್ದೇ ಇರುತ್ತದೆ. ಅಂದರೆ ಕೇಳುವವರಿಗೆ ಉತ್ತರ ಆಗಲೇ ಗೊತ್ತು, ನಾನು ಹೂಂ ಅನ್ನಬೇಕು ಅಷ್ಟೇ. ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ ಕೈ ತೊಳೆದುಕೊಳ್ಳಬಹುದು.

ಮೊದಲನೆಯದಾಗಿ, ಯುರೋಪಿನ ಕಾಡುಗಳಲ್ಲಿ ಇರುವುದು ಒಂದು ಲಿಂಕ್ಸ್ ಅಲ್ಲ, ಎರಡು. ಯುರೇಷಿಯನ್ ಲಿಂಕ್ಸ್ ನಾರ್ವೆ, ಸ್ವೀಡನ್, ಫಿನ್ಲೆಂಡಿನಲ್ಲಿದೆ, ಕಾರ್ಪಾಥಿಯನ್ ಬೆಟ್ಟಸಾಲಿನಲ್ಲಿದೆ, ಅಲ್ಲಿಂದ ರಷ್ಯಾ, ಸೈಬೀರಿಯಾ ದಾಟಿ ನಮ್ಮ ಲಡಾಖಿನವರೆಗೂ ಇದೆ. ಯುರೋಪಿನಲ್ಲಿ ಬೆಳೆದ ಪ್ರಾಣಿ ಸಾಮಾನ್ಯವಾಗಿ 18ರಿಂದ 25 ಕೆಜಿ ತೂಗುತ್ತದೆ. ಒಳ್ಳೆಯ ಗಂಡಾದರೆ 30ರ ಹತ್ತಿರ ಹೋಗುತ್ತದೆ. ಐಬೀರಿಯನ್ ಲಿಂಕ್ಸ್ ಇರುವುದು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಮಾತ್ರ. ಹೆಣ್ಣು 9-10 ಕೆಜಿ, ಗಂಡು 13ರ ಆಸುಪಾಸು. ಇವು ಬೇರೆ ಬೇರೆ ಪ್ರಭೇದಗಳು, ಲಕ್ಷಾಂತರ ವರ್ಷಗಳ ಹಿಂದೆಯೇ ದಾರಿ ಬೇರೆಯಾದವು. ಒಂದೇ ಪ್ರಾಣಿ ಚಳಿಗೆ ದಪ್ಪಗಾಗಿ ಬಿಸಿಲಿಗೆ ಬತ್ತಿಹೋದದ್ದಲ್ಲ.

ಇಲ್ಲಿಗೆ ಉತ್ತರ ಮುಗಿಯಬೇಕಿತ್ತು. ಆದರೆ ಮುಗಿಯುವುದಿಲ್ಲ. ತಕ್ಷಣ ಯಾರಾದರೂ ಬರ್ಗ್‌ಮನ್ ನಿಯಮ ತೆಗೆಯುತ್ತಾರೆ.

ಸರಿ, ಅದನ್ನೂ ನೋಡೋಣ. ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲಿ ಹೇಳಿದ ಮಾತು ಇಷ್ಟು: ಹತ್ತಿರದ ಸಂಬಂಧಿ ಪ್ರಾಣಿಗಳಲ್ಲಿ ಚಳಿ ನಾಡಿನವು ದೊಡ್ಡದಿರುತ್ತವೆ. ಮೈ ದೊಡ್ಡದಾದಂತೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಕಡಿಮೆಯಾಗುತ್ತದೆ, ಶಾಖ ನಿಧಾನವಾಗಿ ಸೋರುತ್ತದೆ. ತರ್ಕ ಚೆನ್ನಾಗಿದೆ. ತೋಳಗಳಲ್ಲಿ ಇದು ಮಟ್ಟಸವಾಗಿ ಕೂರುತ್ತದೆ. ಅರೇಬಿಯಾದ ತೋಳ ಸಣ್ಣದು, ಕೆನಡಾದ್ದು ಭಾರಿ. ಆದರೆ ಇದು ಒಟ್ಟಾರೆ ಕಂಡುಬರುವ ಒಲವು. ಪ್ರತಿ ಪ್ರಾಣಿಯೂ ಪಾಲಿಸಲೇಬೇಕಾದ ಕಾನೂನಲ್ಲ. ‘ನಿಯಮ’ ಅಂತ ಹೆಸರಿದ್ದ ಮಾತ್ರಕ್ಕೆ ಲಿಂಕ್ಸ್ ಬಂದು ಸಹಿ ಹಾಕಿಲ್ಲ.

ಈಗ ಅಟ್ಲಾಂಟಿಕ್ ದಾಟಿ ಬನ್ನಿ. ಕೆನಡಾ ಮತ್ತು ಅಲಾಸ್ಕಾದ ಕಾಡುಗಳಲ್ಲಿ ಕೆನಡಾ ಲಿಂಕ್ಸ್ ಇದೆ. ಅಲ್ಲಿನ ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 40ಕ್ಕೆ ಇಳಿಯುವುದು ಹೊಸದಲ್ಲ. ಚಳಿಯೇ ದೊಡ್ಡ ಮೈ ಕೊಡುವುದಾದರೆ ಈ ಪ್ರಾಣಿ ಎಷ್ಟು ತೂಗಬೇಕಿತ್ತು? ಮೂವತ್ತು ಕೆಜಿ? ನಿಜವಾಗಿ ತೂಗುವುದು ಸಾಮಾನ್ಯವಾಗಿ 8ರಿಂದ 11. ಬಿಸಿಲಿನ ಸ್ಪೇನಿನ ಲಿಂಕ್ಸ್‌ಗಿಂತ ಒಂದು ಕೈ ಕಡಿಮೆಯೇ! ಉದ್ದ ಕಾಲು, ಹಿಮದಲ್ಲಿ ಹೂತುಹೋಗದಂಥ ಅಗಲ ಪಾದ, ದಟ್ಟ ತುಪ್ಪಳ, ಎಲ್ಲವೂ ಇದೆ. ತೂಕ ಮಾತ್ರ ಇಲ್ಲ. ಚಳಿಗೆ ಅದು ಉತ್ತರ ಕೊಟ್ಟದ್ದು ಕೂದಲಿನಿಂದ, ಪಾದದಿಂದ. ಮೈ ಬೆಳೆಸಿ ಅಲ್ಲ.

ಇನ್ನೊಂದು ಪುರಾವೆ ಯುರೋಪಿನೊಳಗೇ ಇದೆ. ಯುರೇಷಿಯನ್ ಲಿಂಕ್ಸ್ ಒಂದನ್ನೇ ತೆಗೆದುಕೊಳ್ಳಿ. ಉತ್ತರಕ್ಕೆ ಹೋದಂತೆಲ್ಲ ಮೈ ಬೆಳೆಯುವುದಾದರೆ ಯುರೋಪಿನ ದೈತ್ಯರು ನಾರ್ವೆಯ ತುದಿಯಲ್ಲಿ ಸಿಗಬೇಕಿತ್ತು. ಭಾರಿ ಗಂಡುಗಳಿಗೆ ಹೆಸರಾಗಿರುವುದು ಕಾರ್ಪಾಥಿಯನ್ ಬೆಟ್ಟಗಳು, ಅಂದರೆ ಸ್ಲೊವಾಕಿಯಾ, ರೊಮೇನಿಯಾ. ನಕ್ಷೆ ತೆಗೆದು ನೋಡಿ. ಅದು ಉತ್ತರವಲ್ಲ. ನಾರ್ವೆಯ ಗಂಡು ಸರಾಸರಿ 20 ಕೆಜಿಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮೂರನೆಯದು ನನಗೆ ಬಲು ಇಷ್ಟವಾದ ಪುರಾವೆ. ಉತ್ತರ ಸ್ಪೇನಿನಲ್ಲಿ ಸಿಕ್ಕ ಹಳೆಯ ಮೂಳೆಗಳ ಡಿಎನ್‌ಎ ತೆಗೆದು ನೋಡಿದಾಗ ಅಲ್ಲಿ ಹಿಂದೆ ಯುರೇಷಿಯನ್ ಲಿಂಕ್ಸ್ ಕೂಡ ಇತ್ತು ಅಂತ ಗೊತ್ತಾಯಿತು. ಅಂದರೆ ದೊಡ್ಡದೂ ಚಿಕ್ಕದೂ ಒಂದೇ ಐಬೀರಿಯಾದಲ್ಲಿ ಬಾಳಿದವು. ಐಬೀರಿಯಾದ ಬಿಸಿಲು ಒಂದನ್ನು ಕುಗ್ಗಿಸಿ ಇನ್ನೊಂದನ್ನು ಬಿಟ್ಟುಬಿಟ್ಟಿತೇ?

ಹಾಗಾದರೆ ಗಾತ್ರ ನಿರ್ಧಾರ ಮಾಡುವುದು ಯಾವುದು? ಮುಖ್ಯವಾಗಿ, ಊಟ.

ಯುರೇಷಿಯನ್ ಲಿಂಕ್ಸ್ ಹಿಡಿಯುವುದು ರೋ ಜಿಂಕೆ. ಜಿಂಕೆಯ ತೂಕ 20-25 ಕೆಜಿ, ಬೇಟೆಗಾರನಷ್ಟೇ. ಆಲ್ಪ್ಸ್‌ನಲ್ಲಿ ಶಾಮ್ವಾ ಎಂಬ ಬೆಟ್ಟದ ಆಡು, ಉತ್ತರದಲ್ಲಿ ಹಿಮಸಾರಂಗ. ಇದು ಅಟ್ಟಿಸಿಕೊಂಡು ಓಡುವ ಪ್ರಾಣಿಯಲ್ಲ. ಹೊಂಚು ಹಾಕಿ ಹತ್ತಿರ ಬಂದು, ಒಂದೇ ದೌಡು, ಆಮೇಲೆ ಗಂಟಲಿಗೆ ಕಚ್ಚಿ ಉಸಿರು ಕಟ್ಟಿಸುವುದು. ಒದೆಯುವ ಜಿಂಕೆಯನ್ನು ಅಷ್ಟು ಹೊತ್ತು ಅದುಮಿ ಹಿಡಿಯಲು ಮೈಯಲ್ಲಿ ಭಾರ ಬೇಕು. ತಿನ್ನುವುದು ತೊಡೆಯ ಕಡೆಯಿಂದ ಶುರು. ಕರುಳು, ಹೊಟ್ಟೆಚೀಲ ಮುಟ್ಟುವುದಿಲ್ಲ. ಉಳಿದದ್ದರ ಮೇಲೆ ಹಿಮವನ್ನೋ ಎಲೆಕಸವನ್ನೋ ಎಳೆದು ಮುಚ್ಚಿ ಹೋಗಿ, ಕೆಲವು ರಾತ್ರಿ ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ವಾರಕ್ಕೆ ಒಂದು ಜಿಂಕೆ ಸಿಕ್ಕರೆ ಹೆಚ್ಚುಕಡಿಮೆ ಸಂಸಾರ ನಡೆಯುತ್ತದೆ.

ಐಬೀರಿಯನ್ ಲಿಂಕ್ಸ್‌ನ ಲೆಕ್ಕ ಬೇರೆ. ಅದರ ಊಟದ ಹತ್ತರಲ್ಲಿ ಎಂಟೊಂಬತ್ತು ಪಾಲು ಬಿಲ ತೋಡುವ ಮೊಲ. ಒಂದು ಮೊಲ ಅಂದರೆ ಸುಮಾರು ಒಂದು ಕೆಜಿ. ಪೊದೆಯ ಮರೆಯಲ್ಲಿ ಕಾದು, ಹಾರಿ, ಕತ್ತಿಗೊಂದು ಕಚ್ಚು, ಮುಗಿಯಿತು. ದಿನಕ್ಕೊಂದು ಸಾಕು. ಮರಿ ಇರುವ ತಾಯಿಗೆ ಮೂರಾದರೂ ಬೇಕು. 25 ಕೆಜಿಯ ಮೈ ಇಟ್ಟುಕೊಂಡು ಮೊಲದ ಮೇಲೇ ಬದುಕುವುದು ಒಂದೊಂದೇ ಕಡಲೆಕಾಯಿ ಬಿಡಿಸಿ ಹೊಟ್ಟೆ ತುಂಬಿಸಿಕೊಂಡ ಹಾಗೆ. ಬಿಡಿಸುವುದರಲ್ಲೇ ದಿನ ಕಳೆದುಹೋಗುತ್ತದೆ. ಕೆನಡಾದ್ದೂ ಇದೇ ಕಥೆ. ಅದರ ಊಟ ಸ್ನೋಷೂ ಮೊಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಆ ಮೊಲಗಳ ಸಂಖ್ಯೆ ಏರಿ ಕುಸಿಯುತ್ತದೆ, ಹಿಂದೆಯೇ ಲಿಂಕ್ಸ್‌ಗಳದ್ದೂ ಕುಸಿಯುತ್ತದೆ. ಒಂದು ಬಿಸಿಲು ನಾಡು, ಒಂದು ಹಿಮದ ನಾಡು. ಇಬ್ಬರ ತಟ್ಟೆಯಲ್ಲೂ ಮೊಲ, ಇಬ್ಬರ ಮೈಯೂ ಹತ್ತರ ಆಸುಪಾಸು.

ಇಲ್ಲಿ ಚುರುಕಾದ ಓದುಗರು ಒಂದು ಕೊಕ್ಕೆ ಹಾಕುತ್ತಾರೆ: ಫಿನ್ಲೆಂಡಿನ ಲಿಂಕ್ಸ್ ಕೂಡ ಮೊಲ ಜಾಸ್ತಿ ತಿನ್ನುತ್ತದಲ್ಲ, ಅದೇಕೆ ಚಿಕ್ಕದಾಗಲಿಲ್ಲ? ಒಳ್ಳೆಯ ಪ್ರಶ್ನೆ. ಇಂಥದ್ದು ಕೇಳಿದರೆ ಬೇಸರವಾಗುವುದಿಲ್ಲ. ಅಲ್ಲಿನ ಬೆಟ್ಟದ ಮೊಲ ಮೂರು ಕೆಜಿ ತೂಗುತ್ತದೆ, ಸ್ಪೇನಿನ ಮೊಲದ ಮೂರರಷ್ಟು. ಜಿಂಕೆ ಸಿಗುವ ಕಡೆ ಜಿಂಕೆಯನ್ನೂ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಮಾತು, ಮೈಯ ಅಳತೆ ಹೋದ ವರ್ಷದ ಊಟದಿಂದ ಬಂದದ್ದಲ್ಲ. ಸಾವಿರಾರು ತಲೆಮಾರು ಜಿಂಕೆ ಹಿಡಿದು ಬಂದ ವಂಶದ ಮೈ ಅದು.

ಮತ್ತೊಬ್ಬರು ಬಾಲ್ಕನ್ ಲಿಂಕ್ಸ್ (ಯುರೇಷಿಯನ್ ಲಿಂಕ್ಸ್‌ನದೇ ಒಂದು ಉಪಪ್ರಭೇದ) ಹಿಡಿದು ಬರುತ್ತಾರೆ: ದಕ್ಷಿಣದ್ದು, ಚಿಕ್ಕದೂ ಹೌದು, ಸಿಕ್ಕಿಬಿದ್ದಿರಿ! ನಿಧಾನ. ಉತ್ತರ ಮ್ಯಾಸಿಡೋನಿಯಾದ ಮಾವ್ರೊವೊ ಬೆಟ್ಟಗಳಲ್ಲಿ, ಅಲ್ಬೇನಿಯಾದಲ್ಲಿ ಉಳಿದಿರುವ ಬೆಳೆದ ಪ್ರಾಣಿಗಳು 50ಕ್ಕಿಂತ ಕಡಿಮೆ. ಉತ್ತರ ಮ್ಯಾಸಿಡೋನಿಯಾದ ಐದು ದೆನಾರ್ ನಾಣ್ಯದ ಮೇಲೆ ಅದರ ಚಿತ್ರವಿದೆ. ಕಾಡಿನಲ್ಲಿ ಕಾಣುವುದಕ್ಕಿಂತ ಜೇಬಿನಲ್ಲಿ ಕಾಣುವುದೇ ಜಾಸ್ತಿ. ಬೆರಳೆಣಿಕೆಯ ಪ್ರಾಣಿಗಳನ್ನು ತೂಗಿ ಇಡೀ ಖಂಡಕ್ಕೆ ನಿಯಮ ಬರೆಯಬಾರದು.

ಇನ್ನು ಫೋಟೋಗಳ ವಿಷಯ. ಚಳಿಗಾಲದ ತುಪ್ಪಳದಲ್ಲಿ ಲಿಂಕ್ಸ್ ಒಂದೂವರೆ ಪಟ್ಟು ಕಾಣುತ್ತದೆ. ಬೇಸಿಗೆಯಲ್ಲಿ ಅದೇ ಪ್ರಾಣಿಯನ್ನು ನೋಡಿದರೆ ಯಾರೋ ಕಾಯಿಲೆ ಬಿದ್ದವರ ಹಾಗಿರುತ್ತದೆ. ಗಂಡೋ ಹೆಣ್ಣೋ ಅಂತಲೂ ಯಾರೂ ಕೇಳುವುದಿಲ್ಲ. ಒಂದೇ ಕಾಡಿನಲ್ಲಿ ಗಂಡು ಹೆಣ್ಣಿಗಿಂತ ಕಾಲುಪಾಲು ಭಾರ ಇರುವುದು ಮಾಮೂಲು. ನಾರ್ವೆಯ ಗಂಡಿನ ಪಕ್ಕ ಸ್ಪೇನಿನ ಹೆಣ್ಣನ್ನು ನಿಲ್ಲಿಸಿ ‘ನೋಡಿ ಸರ್’ ಅಂದರೆ ನಾನೇನು ನೋಡಲಿ? ಅಂದ ಹಾಗೆ, ಕಬ್ಬಿನ ಗದ್ದೆಯಲ್ಲಿ ಕಂಡ, ಕಿವಿ ತುದಿಗೆ ಸಣ್ಣ ಕಪ್ಪು ಜುಟ್ಟಿರುವ ಪ್ರಾಣಿಯ ಫೋಟೋ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಅದು ನಮ್ಮ ಕಾಡುಬೆಕ್ಕು. ಕರ್ನಾಟಕದಲ್ಲಿ ಲಿಂಕ್ಸ್ ಇಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಈ ದೊಡ್ಡ ಕಾರ್ಪಾಥಿಯನ್ ಲಿಂಕ್ಸ್‌ಗಳನ್ನು ಯುರೋಪಿನವರು ಬೇರೆ ಕಡೆಗೂ ಒಯ್ದು ಬಿಟ್ಟಿದ್ದಾರೆ. 1971ರಲ್ಲಿ ಸ್ವಿಟ್ಜರ್ಲೆಂಡಿಗೆ, 1973ರಲ್ಲಿ ಸ್ಲೊವೇನಿಯಾಕ್ಕೆ. ಸ್ಲೊವೇನಿಯಾದಲ್ಲಿ ಬಿಟ್ಟದ್ದು ಮೂರು ಗಂಡು, ಮೂರು ಹೆಣ್ಣು. ಮುಂದಾಳತ್ವ ವಹಿಸಿದವರು ಅಲ್ಲಿನ ಬೇಟೆಗಾರರೇ. ಬೇಗ ಹೆಚ್ಚಿದವು, ಕ್ರೊವೇಷಿಯಾ, ಬೋಸ್ನಿಯಾಕ್ಕೂ ಹಬ್ಬಿದವು. ಎಲ್ಲರೂ ಬೆನ್ನು ತಟ್ಟಿಕೊಂಡರು. ಆದರೆ ಬಂದ ಆರರಲ್ಲೇ ಕೆಲವು ಒಂದಕ್ಕೊಂದು ರಕ್ತಸಂಬಂಧಿಗಳು. ಆಮೇಲೆ ಹುಟ್ಟಿದವೆಲ್ಲ ಅಣ್ಣತಮ್ಮಂದಿರ ಮಕ್ಕಳೇ. ಹೊರಗಿನಿಂದ ಹೊಸ ರಕ್ತ ಬರುವ ದಾರಿಯೇ ಇರಲಿಲ್ಲ. ಒಳಸಂಬಂಧ ಹೆಚ್ಚಿದಂತೆ ಸಂಖ್ಯೆ ಇಳಿಯತೊಡಗಿತು.

2019ರಿಂದ ರೊಮೇನಿಯಾ, ಸ್ಲೊವಾಕಿಯಾದಿಂದ ಮತ್ತೆ ಲಿಂಕ್ಸ್‌ಗಳನ್ನು ಹಿಡಿದು ತಂದು ಬಿಟ್ಟರು. ಹಾಗೆ ತರುವಾಗ ಯಾರೂ ‘ದಪ್ಪಗಿರುವುದನ್ನೇ ಹಿಡಿಯಿರಿ’ ಅಂತ ಹೇಳಲಿಲ್ಲ. ನೋಡಿದ್ದು ಪ್ರಾಣಿ ಆರೋಗ್ಯವಾಗಿದೆಯಾ, ಇಲ್ಲಿರುವವುಗಳಿಗೆ ದೂರದ ಸಂಬಂಧವಾ ಅಂತ. ಹೊಸಬರು ಜೋಡಿ ಕಟ್ಟಿಕೊಂಡು ಮರಿ ಹಾಕಿದ್ದಾರೆ. ಆ ಮರಿಗಳ ತೂಕ ಎಷ್ಟಾಗಬಹುದು ಅಂತ ಮಾತ್ರ ಕೇಳಬೇಡಿ.